ಏನ್ ಜಡ್ಡು ಅನ್ನೂದರ ಹೇಳ್ರಿ

1932ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಬ್ಬ ಡಾಕ್ಟರು ಒಂದು ಕಾಯಿಲೆಯ ಬಗ್ಗೆ ಮೊದಲ ಸಲ ಬರೆದರು. ಅದೇ ಕಾಯಿಲೆ ಭಾರತದಲ್ಲಿ ಮೊದಲ ಸಲ ಖಚಿತವಾಗಿ ಪತ್ತೆಯಾಗಿದ್ದು 2007ರಲ್ಲಿ, ಬೆಂಗಳೂರಿನ ಒಬ್ಬ ಹುಡುಗಿಯಲ್ಲಿ. ಲೆಕ್ಕ ಹಾಕಿ ನೋಡಿ, 75 ವರ್ಷ!

ಹಾಗಾದರೆ ಅಷ್ಟು ವರ್ಷ ನಮ್ಮ ದೇಶದಲ್ಲಿ ಈ ಕಾಯಿಲೆ ಇರಲಿಲ್ಲವಾ? ಇತ್ತು. ಇದು ಗಾಳಿಯಲ್ಲೋ ವಿಮಾನದಲ್ಲೋ ಬರುವ ಕಾಯಿಲೆ ಅಲ್ಲ, ಅಪ್ಪ ಅಮ್ಮನಿಂದ ವಂಶವಾಹಿಯಲ್ಲಿ ಬರುವಂಥದ್ದು. ಮಕ್ಕಳು ಹುಟ್ಟುತ್ತಿದ್ದರು, ಕುತ್ತಿಗೆ ನಿಲ್ಲದೆ, ಎದ್ದು ಕೂರಲಾಗದೆ, ಉಸಿರು ಸಾಲದೆ ಹೋಗಿಬಿಡುತ್ತಿದ್ದರು. ನ್ಯುಮೋನಿಯಾ ಅಂತಲೋ, ಹೃದಯದ ತೊಂದರೆ ಅಂತಲೋ, ನಮ್ಮ ಅಜ್ಜಿಯಂಥವರ ಬಾಯಲ್ಲಿ ಬಾಲಗ್ರಹ ಅಂತಲೋ ಏನೋ ಒಂದು ಹೆಸರು ಸಿಗುತ್ತಿತ್ತು. ಅಲ್ಲಿಗೆ ಕತೆ ಮುಗಿಯುತ್ತಿತ್ತು.

ಆ ಬೆಂಗಳೂರಿನ ಹುಡುಗಿ ನಿಧಿ ಶಿರೋಳ್. ಅವಳ ಅಪ್ಪ ಪ್ರಸನ್ನ ಶಿರೋಳ್. ಕಾಯಿಲೆಯ ಹೆಸರು ಪಾಂಪೆ. ಮಗಳಿಗೆ ಏನಾಗಿದೆ ಅಂತ ತಿಳಿದುಕೊಳ್ಳಲು ಈ ಅಪ್ಪ ಅಮ್ಮನಿಗೆ ಏಳು ವರ್ಷಕ್ಕೂ ಹೆಚ್ಚು ಹಿಡಿಯಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು, ಬಿಡಲಿಲ್ಲ. ಬರೀ ಇವರೊಬ್ಬರ ಹಠದ ಬಗ್ಗೆ ಬರೆಯಲು ಕೂತವನು ನಾನು. ಓದುತ್ತಾ ಹೋದ ಹಾಗೆ ಇಂಥ ಕಾಯಿಲೆಗಳ ಚರಿತ್ರೆಯ ಪ್ರತಿ ತಿರುವಿನಲ್ಲೂ ಒಬ್ಬ ಅಪ್ಪನೋ ಅವ್ವನೋ ನಿಂತಿರುವುದು ಕಾಣಿಸಿತು. ಅದಕ್ಕೇ ಲೇಖನ ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ.

(ಶಿರೋಳ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಮ್ಮೂರು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ. ಪಕ್ಕದ ಮುಧೋಳ ತಾಲೂಕಿನಲ್ಲಿ ಒಂದು ಶಿರೋಳ ಇದೆ. ಆದರೆ ಆ ಹೆಸರಿನ ಊರು ನರಗುಂದದ ಕಡೆಗೂ ಇದೆ, ಕೊಲ್ಲಾಪುರದ ಕಡೆಗೂ ಇದೆ. ಹಾಗಾಗಿ ಅಡ್ಡಹೆಸರು ನೋಡಿ ಅವರನ್ನು ನಮ್ಮ ಕಡೆಯವರು ಅಂತ ಎಳೆದುಕೊಳ್ಳುವುದಿಲ್ಲ :-) )

ಪಾಂಪೆ ಅಂದರೇನು? ನಮ್ಮ ದೇಹ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಪ್ರತಿ ಜೀವಕೋಶದ ಒಳಗೂ ಲೈಸೋಸೋಮ್ ಅಂತ ಸಣ್ಣ ಸಣ್ಣ ಚೀಲಗಳಿವೆ. ಹಳೆಯದು, ಬೇಡವಾದದ್ದು ಅಲ್ಲಿಗೆ ಹೋಗಿ ಒಡೆದು ಪುಡಿಯಾಗುತ್ತದೆ. ಅಲ್ಲಿಗೆ ಬಂದ ಗ್ಲೈಕೋಜನ್ನನ್ನು ಒಡೆಯಲು ಒಂದು ಕಿಣ್ವ ಬೇಕು. ಪಾಂಪೆ ಇರುವವರಲ್ಲಿ ಆ ಕಿಣ್ವ ಇರುವುದಿಲ್ಲ, ಅಥವಾ ಬಹಳ ಕಡಿಮೆ ಇರುತ್ತದೆ. ಗ್ಲೈಕೋಜನ್ ತುಂಬುತ್ತಾ ತುಂಬುತ್ತಾ ಹೋಗಿ ಚೀಲ ಉಬ್ಬುತ್ತದೆ, ಸ್ನಾಯು ಹಾಳಾಗುತ್ತದೆ. ನನ್ನ ಕೆಲಸದವರಿಗೆ ಒಂದೇ ಮಾತಲ್ಲಿ ಹೇಳುವುದಾದರೆ ಮೆಮೊರಿ ಲೀಕ್. ಪ್ರೋಗ್ರಾಮು ಮೊದಲ ದಿನ ಚೆನ್ನಾಗಿಯೇ ಓಡುತ್ತದೆ, ನಿಧಾನ ಆಗುತ್ತಾ ಹೋಗಿ ಒಂದು ದಿನ ನಿಲ್ಲುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ರೀಸ್ಟಾರ್ಟ್ ಇಲ್ಲ.

ಕಿಣ್ವ ಪೂರ್ತಿ ಇಲ್ಲದಿದ್ದರೆ ಮಗುವಿನ ಹೃದಯವೇ ದಪ್ಪವಾಗುತ್ತದೆ, ಚಿಕಿತ್ಸೆ ಇಲ್ಲದೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ದಾಟುವುದಿಲ್ಲ. ಸ್ವಲ್ಪ ಇದ್ದರೆ ಕಾಯಿಲೆ ನಿಧಾನವಾಗಿ ಬರುತ್ತದೆ. ತೊಡೆ, ಸೊಂಟ, ಆಮೇಲೆ ಉಸಿರಾಟದ ಸ್ನಾಯು. ಇಲ್ಲೇ ಇರುವುದು ತೊಡಕು. ಮೆತ್ತಗಿರುವ ಮಗು, ತಡವಾಗಿ ನಡೆಯುವ ಮಗು, ಮೇಲಿಂದ ಮೇಲೆ ಎದೆಯ ಸೋಂಕು ಬರುವ ಮಗು... ಇದಕ್ಕೆ ಕಾರಣಗಳು ನೂರಾರು. ಅದರಲ್ಲಿ ಹೆಚ್ಚಿನವು ಪಾಂಪೆಗಿಂತ ಸಾಮಾನ್ಯ. ಸುಮಾರು 40,000 ಮಕ್ಕಳಲ್ಲಿ ಒಂದು ಮಗುವಿಗೆ ಬರುತ್ತದೆ ಅಂತ ಅಂದಾಜಿರುವ ಕಾಯಿಲೆಯನ್ನು ಒಬ್ಬ ಮಕ್ಕಳ ಡಾಕ್ಟರು ಜೀವಮಾನದಲ್ಲಿ ಒಮ್ಮೆಯೂ ನೋಡದೇ ಇರಬಹುದು. ನೋಡದ್ದನ್ನು ಗುರುತಿಸುವುದು ಹೇಗೆ? ಡಾಕ್ಟರುಗಳನ್ನು ಬೈಯ್ಯುವುದು ಸುಲಭ, ಆದರೆ ಬೈದು ಪ್ರಯೋಜನ ಇಲ್ಲ. ಸ್ನಾಯುವಿನ ತುಣುಕು ತೆಗೆದು ನೋಡಿದರೂ ಬೇರೆ ಸ್ನಾಯುರೋಗ ಅಂತ ಅಂದುಕೊಳ್ಳುವ ಸಾಧ್ಯತೆ ಇದೆ. ಖಚಿತ ಆಗಬೇಕಾದರೆ ಆ ಕಿಣ್ವವನ್ನೇ ಅಳೆಯಬೇಕು, ಅಥವಾ ಜೀನ್ ನೋಡಬೇಕು. ಅಳೆಯಬೇಕು ಅಂತ ಯಾರಿಗಾದರೂ ಮೊದಲು ಹೊಳೆಯಬೇಕು.

ನಮ್ಮೂರಿನ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ನನ್ನ ಓರಗೆಯ ಒಬ್ಬ ಹುಡುಗ ಇದ್ದ, ನಮ್ಮ ಓಣಿಯವನೇ. ಮೂರನೇ ಇಯತ್ತೆವರೆಗೆ ನಮ್ಮ ಜೊತೆ ಶಾಲೆಗೆ ಬಂದ. ನೆಲದಿಂದ ಏಳುವಾಗ ತೊಡೆಗೆ ಕೈ ಊರಿ ಏಳುತ್ತಿದ್ದ, ಓಡಿದರೆ ಬೀಳುತ್ತಿದ್ದ. ಆಮೇಲೆ ಬರುವುದೇ ನಿಂತಿತು. ಅವರ ಅವ್ವ, ನಾನು ಕಾಕಿ ಅಂತ ಕರೆಯುತ್ತಿದ್ದೆ, ಅಷ್ಟು ದೊಡ್ಡ ಹುಡುಗನನ್ನು ಬಗಲಲ್ಲಿ ಎತ್ತಿಕೊಂಡು ಬಸ್ ಹತ್ತುತ್ತಿದ್ದಳು. ಜಮಖಂಡಿ ಆಯಿತು, ವಿಜಾಪುರ ಆಯಿತು, ಮೀರಜ್ ಆಯಿತು, ಬೆಳಗಾವಿ ಆಯಿತು. ನಮ್ಮ ಕಡೆಯವರಿಗೆ ಮೀರಜ್ ಅಂದರೆ ಕೊನೆಯ ಬಾಗಿಲು ಇದ್ದ ಹಾಗೆ. ವಾನ್ಲೆಸ್ ಎಂಬ ಮಿಷನರಿ ಡಾಕ್ಟರು 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ಕೃಷ್ಣೆಯ ಈ ದಂಡೆಯ ಜನ ಅಲ್ಲಿಗೆ ಹೋಗುತ್ತಲೇ ಇದ್ದಾರೆ. ಒಂದು ಕಡೆ ಟಾನಿಕ್ ಬರೆದರು, ಒಂದು ಕಡೆ ನರದ ದೋಷ ಅಂದರು, ಇನ್ನೊಂದು ಕಡೆ ಬೆಳೆದ ಹಾಗೆ ಸರಿಹೋಗುತ್ತದೆ ಅಂದರು. ಯಾವ ದವಾಖಾನೆ ಏನು ಅಂದಿತು ಅನ್ನುವುದು ಈಗ ಮುಖ್ಯ ಅಲ್ಲ. ಕಾಕಿ ಹೋದ ಕಡೆಯೆಲ್ಲ ಕೇಳಿದ್ದು ಮಾತ್ರ ಒಂದೇ ಮಾತು. "ಆರಾಮ್ ಆಗಲಿಕ್ರೂ ಅಡ್ಡಿಯಿಲ್ರಿ ಸಾಹೇಬ್ರ, ಏನ್ ಜಡ್ಡು ಅನ್ನೂದರ ಹೇಳ್ರಿ."

ಆರಾಮ ಆಗದಿದ್ದರೂ ಪರವಾಗಿಲ್ಲ, ಏನು ಅಂತಾದರೂ ಹೇಳಿ! ಚಿಕ್ಕವನಿದ್ದಾಗ ಈ ಮಾತು ನನಗೆ ವಿಚಿತ್ರ ಅನ್ನಿಸುತ್ತಿತ್ತು. ಗುಣ ಆಗದ ಮೇಲೆ ಹೆಸರು ಕಟ್ಟಿಕೊಂಡು ಏನು ಮಾಡುವುದು? ಹುಡುಗ ಹದಿನಾಲ್ಕಕ್ಕೆ ತೀರಿಕೊಂಡ. ಹೆಸರು ಸಿಗಲೇ ಇಲ್ಲ.

ಕಾಕಿ ಕೇಳಿದ ಪ್ರಶ್ನೆಯನ್ನೇ ನಾರ್ವೆ ದೇಶದಲ್ಲಿ ಒಬ್ಬ ತಾಯಿ 1930ರ ಸುಮಾರಿಗೆ ಕೇಳುತ್ತಾ ಅಲೆಯುತ್ತಿದ್ದಳು. ಬೊರ್ಗ್ನಿ ಈಗೆಲಾಂಡ್ ಅಂತ. 1927ರಲ್ಲಿ ಹುಟ್ಟಿದ ಮಗಳು ಲೀವ್, ಆಮೇಲೆ ಮಗ ದಾಗ್. ಹುಟ್ಟಿದಾಗ ಇಬ್ಬರೂ ಚೆನ್ನಾಗಿಯೇ ಇದ್ದರು. ಬರಬರುತ್ತಾ ಬುದ್ಧಿ ಬೆಳೆಯಲಿಲ್ಲ. ಡಾಕ್ಟರುಗಳಾಯಿತು, ಬೇರೆ ಬೇರೆ ಥರದ ಚಿಕಿತ್ಸಕರಾಯಿತು, ಯಾರೂ ಏನೂ ಹೇಳಲಿಲ್ಲ. ಆಕೆಗೆ ಒಂದು ಸಂಗತಿ ಗಮನಕ್ಕೆ ಬಂದಿತ್ತು, ಮಕ್ಕಳಿಂದ ಒಂದು ಥರ ಮುಗ್ಗಲು ವಾಸನೆ ಬರುತ್ತದೆ. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ತಾಯಿ ಅಂದಮೇಲೆ ಏನೇನೋ ಅಂದುಕೊಳ್ಳುತ್ತಾಳೆ ಬಿಡು ಅನ್ನುವ ಧೋರಣೆ ಅಲ್ಲಿಯೂ ಇತ್ತು.

1934ರಲ್ಲಿ ಆಕೆ ಅಸ್ಬಿಯೋರ್ನ್ ಫೋಲಿಂಗ್ ಎಂಬ ವೈದ್ಯರ ಬಳಿ ಹೋದಳು. ಇವರು ರಸಾಯನಶಾಸ್ತ್ರವನ್ನೂ ಓದಿದವರು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು. ಮಧುಮೇಹದವರಲ್ಲಿ ಬರುವ ಕೀಟೋನ್ ಇದ್ದರೆ ಕೆಂಪು ಕಂದು ಬಣ್ಣ ಬರಬೇಕು. ಬಂದದ್ದು ಹಸಿರು! ಅವರು ಅದುವರೆಗೆ ಕಂಡಿರದ ಬಣ್ಣ. ಔಷಧಿ ಏನಾದರೂ ಕಾರಣ ಇರಬಹುದಾ ಅಂತ ಎಲ್ಲ ಔಷಧಿ ನಿಲ್ಲಿಸಿ ಮತ್ತೆ ತರಲು ಹೇಳಿದರು. ಮತ್ತೆ ಹಸಿರು. ಆಮೇಲೆ ಬಹಳ ಕಷ್ಟಪಟ್ಟು ಆ ವಸ್ತುವನ್ನು ಬೇರ್ಪಡಿಸಿ ಅದು ಫಿನೈಲ್‌ಪೈರುವಿಕ್ ಆಮ್ಲ ಅಂತ ಗುರುತಿಸಿದರು. ಓಸ್ಲೋ ಸುತ್ತಮುತ್ತಲ ಸಂಸ್ಥೆಗಳಲ್ಲಿದ್ದ ನೂರಾರು ಬುದ್ಧಿಮಾಂದ್ಯರ ಮೂತ್ರ ಪರೀಕ್ಷಿಸಿದಾಗ ಇನ್ನೂ ಎಂಟು ಜನರಲ್ಲಿ ಅದೇ ಹಸಿರು ಕಂಡಿತು. ಇವತ್ತು ಫಿನೈಲ್‌ಕೀಟೋನ್ಯೂರಿಯ ಅಥವಾ ಪಿಕೆಯು ಅಂತ ಕರೆಯುವ ಕಾಯಿಲೆ ಗೊತ್ತಾಗಿದ್ದು ಹೀಗೆ. ದೇಹದ ರಾಸಾಯನಿಕ ಕ್ರಿಯೆಯ ಒಂದು ಕೊಂಡಿ ತಪ್ಪಿದರೆ ಬುದ್ಧಿಯೇ ಬೆಳೆಯದೆ ಹೋಗಬಹುದು ಅನ್ನುವುದು ಆಗ ಹೊಚ್ಚ ಹೊಸ ವಿಷಯ.

ಬೊರ್ಗ್ನಿಯ ಮಕ್ಕಳಿಗೆ ಇದರಿಂದ ಏನೂ ಆಗಲಿಲ್ಲ. ದಾಗ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಚಿಕಿತ್ಸೆ ಬರಲು ಇನ್ನೂ ಎರಡು ದಶಕ ಬೇಕಾಯಿತು. ಅದೂ ಹೇಗೆ ಬಂತು ಅಂತೀರಿ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಬ್ಬ ತಾಯಿ. 1951ರಲ್ಲಿ ಆಕೆಯ ಪುಟ್ಟ ಮಗಳಿಗೆ ಪಿಕೆಯು ಅಂತ ಗೊತ್ತಾಯಿತು, ಆದರೆ ಚಿಕಿತ್ಸೆ ಇಲ್ಲ ಅಂದರು. ಆಕೆ ಸುಮ್ಮನಾಗಲಿಲ್ಲ, ಹೋರ್ಸ್ಟ್ ಬಿಕೆಲ್ ಎಂಬ ಡಾಕ್ಟರ ಪ್ರಯೋಗಾಲಯದ ಮುಂದೆ ಬೆಳಗಾದರೆ ಬಂದು ನಿಲ್ಲುತ್ತಿದ್ದಳು, ಏನಾದರೂ ಮಾಡಿ ಅಂತ. ಕೊನೆಗೆ ಬಿಕೆಲ್ ಮತ್ತು ಅವರ ಜೊತೆಗಾರರು ಫಿನೈಲ್‌ಅಲನೀನ್ ಎಂಬ ಅಂಶ ತೆಗೆದುಹಾಕಿದ ಆಹಾರ ತಯಾರಿಸಿ ಕೊಟ್ಟರು. ಆ ಮಗು ಅತ್ತಿತ್ತ ನೋಡತೊಡಗಿತು, ತೆವಳತೊಡಗಿತು. ಅದು 1953ರಲ್ಲಿ ಪ್ರಕಟವಾಯಿತು.

ಪರ್ಲ್ ಬಕ್ ಗೊತ್ತಲ್ಲ, ಚೀನಾದ ರೈತರ ಬಗ್ಗೆ ಕಾದಂಬರಿ ಬರೆದು ನೊಬೆಲ್ ಪಡೆದವರು. 1920ರಲ್ಲಿ ಹುಟ್ಟಿದ ಅವರ ಮಗಳು ಕ್ಯಾರಲ್‌ಗೂ ಇದೇ ಕಾಯಿಲೆ ಇತ್ತು. ಮಗಳನ್ನು ಕರೆದುಕೊಂಡು ಚೀನಾದಿಂದ ಅಮೆರಿಕದವರೆಗೆ ಡಾಕ್ಟರುಗಳ ಹತ್ತಿರ ಹೋದರು. ಆ ಅನುಭವವನ್ನು 1950ರಲ್ಲಿ ಪುಸ್ತಕವಾಗಿಯೇ ಬರೆದರು. ಪುಸ್ತಕ ಬರೆಯುವಾಗಲೂ ಅವರಿಗೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಅದು ತಿಳಿದದ್ದು ಮಗಳಿಗೆ ಸುಮಾರು ನಲವತ್ತು ವರ್ಷ ಆದಾಗ.

ಇನ್ನೊಬ್ಬರು ರಾಬರ್ಟ್ ಗತ್ರಿ, ಅಮೆರಿಕದವರು. ಅವರ ಮಗನಿಗೆ ಬುದ್ಧಿಮಾಂದ್ಯ ಇತ್ತು, ಸಂಬಂಧಿಕರ ಮನೆಯ ಒಬ್ಬ ಹುಡುಗಿಗೆ ಪಿಕೆಯು. ಕ್ಯಾನ್ಸರ್ ಸಂಶೋಧನೆ ಬಿಟ್ಟು ಇದರ ಹಿಂದೆ ಬಿದ್ದರು. ಮಗುವಿನ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತ ದಪ್ಪ ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ವಿಧಾನ 1960ರ ದಶಕದ ಶುರುವಿನಲ್ಲಿ ಅವರಿಂದ ಬಂತು. ಆ ಕಾಗದವನ್ನು ಅಂಚೆಯಲ್ಲಿ ಕಳಿಸಬಹುದು! ಐಸು ಬೇಡ, ಟ್ಯೂಬು ಬೇಡ. ಇಂಜಿನಿಯರ್ ಆಗಿ ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಡಿಸೈನ್ ಇದು. ಇಷ್ಟು ಸರಳ ಇದ್ದದ್ದರಿಂದಲೇ ಲಕ್ಷಗಟ್ಟಲೆ ಮಕ್ಕಳನ್ನು ಹುಟ್ಟಿದ ವಾರದಲ್ಲೇ ಪರೀಕ್ಷಿಸುವುದು ಸಾಧ್ಯವಾಯಿತು.

ಈಗ ಪಾಂಪೆಗೆ ವಾಪಸ್ ಬರೋಣ. ಪಾಂಪೆ ಅನ್ನುವುದು ಮನುಷ್ಯರ ಹೆಸರು. ಯೋಹಾನೆಸ್ ಕಸಿಯಾನಸ್ ಪಾಂಪೆ, 1901ರಲ್ಲಿ ಹುಟ್ಟಿದ ಡಚ್ ರೋಗಶಾಸ್ತ್ರಜ್ಞ. 1930ರ ಡಿಸೆಂಬರಿನಲ್ಲಿ ಏಳು ತಿಂಗಳ ಒಂದು ಹೆಣ್ಣುಮಗುವಿನ ಶವಪರೀಕ್ಷೆ ಮಾಡಿದರು. ನ್ಯುಮೋನಿಯಾದಿಂದ ಸತ್ತಿದೆ ಅಂತ ಬಂದಿದ್ದ ಮಗು. ತೆರೆದು ನೋಡಿದರೆ ಹೃದಯ ವಿಪರೀತ ದೊಡ್ಡದು. ಸೂಕ್ಷ್ಮದರ್ಶಕದಲ್ಲಿ ಸ್ನಾಯು ಬಲೆಯ ಹಾಗೆ ತೂತು ತೂತು, ಆ ತೂತುಗಳ ತುಂಬ ಗ್ಲೈಕೋಜನ್. 1932ರಲ್ಲಿ ಪ್ರಬಂಧ ಬರೆದರು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಹಾಲೆಂಡನ್ನು ಆಕ್ರಮಿಸಿಕೊಂಡಾಗ ಪಾಂಪೆ ಪ್ರತಿರೋಧ ಚಳವಳಿಯಲ್ಲಿದ್ದರು. 1945ರ ಫೆಬ್ರವರಿಯಲ್ಲಿ ಅವರ ಪ್ರಯೋಗಾಲಯದಲ್ಲಿ ರೇಡಿಯೋ ಟ್ರಾನ್ಸ್‌ಮಿಟರ್ ಸಿಕ್ಕಿಬಿತ್ತು. ಏಪ್ರಿಲ್ 15ರಂದು ಇತರ ಕೈದಿಗಳ ಜೊತೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಮೂರು ವಾರಕ್ಕೆ ಹಾಲೆಂಡ್ ಬಿಡುಗಡೆ ಆಯಿತು.

ಅವರಿಗೆ ಲೈಸೋಸೋಮ್ ಗೊತ್ತಿರಲಿಲ್ಲ, ಅದನ್ನು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ ಕಂಡುಹಿಡಿದದ್ದು 1955ರಲ್ಲಿ. ಅಲ್ಲಿಯವರೇ ಆದ ಹೆನ್ರಿ ಜೆರಿ ಹೆರ್ಸ್ 1963ರಲ್ಲಿ ಪಾಂಪೆ ಮಕ್ಕಳಲ್ಲಿ ಯಾವ ಕಿಣ್ವ ಇಲ್ಲ ಅಂತ ತೋರಿಸಿದರು. ಲೈಸೋಸೋಮಿಗೆ ಸಂಬಂಧಿಸಿದ ಕಾಯಿಲೆ ಅಂತ ಗುರುತಿಸಿದ್ದರಲ್ಲಿ ಇದೇ ಮೊದಲನೆಯದು. ಕಿಣ್ವ ಇಲ್ಲ ಅಂದರೆ ಹೊರಗಿಂದ ಕೊಟ್ಟರಾಯಿತಲ್ಲ ಅನ್ನಿಸುತ್ತದೆ. ಅದು ಸ್ನಾಯುವಿನ ಒಳಗಿನ ಚೀಲದವರೆಗೆ ತಲುಪಬೇಕಲ್ಲ! ಅದಕ್ಕೆ ಇನ್ನೂ ನಲವತ್ತು ವರ್ಷ ಹಿಡಿಯಿತು. ಹಾಲೆಂಡಿನ ರೋಟರ್‌ಡ್ಯಾಮಿನವರು ಮೊಲದ ಹಾಲಿನಲ್ಲಿ ಆ ಕಿಣ್ವ ತೆಗೆದು ಮಕ್ಕಳಿಗೆ ಕೊಟ್ಟು ನೋಡಿದರು. ಅಮೆರಿಕದಲ್ಲಿ ಜಾನ್ ಕ್ರೌಲಿ ಎಂಬ ಅಪ್ಪ, 1998ರಲ್ಲಿ ತನ್ನ ಇಬ್ಬರು ಮಕ್ಕಳಿಗೆ ಪಾಂಪೆ ಅಂತ ಗೊತ್ತಾದಮೇಲೆ ನೌಕರಿ ಬಿಟ್ಟು ಈ ಔಷಧಿಗೋಸ್ಕರವೇ ಕಂಪನಿ ನಡೆಸಲು ನಿಂತರು. 2010ರಲ್ಲಿ ಆ ಕತೆಯ ಮೇಲೆ ಹಾಲಿವುಡ್ ಸಿನಿಮಾ ಕೂಡ ಬಂತು. ಕೊನೆಗೆ 2006ರಲ್ಲಿ ಯುರೋಪು ಮತ್ತು ಅಮೆರಿಕದಲ್ಲಿ ಮಯೋಝೈಮ್ ಎಂಬ ಔಷಧಿಗೆ ಪರವಾನಗಿ ಸಿಕ್ಕಿತು.

2006. ಮರುವರ್ಷ ಬೆಂಗಳೂರಿನಲ್ಲಿ ನಿಧಿಯ ಕಾಯಿಲೆ ಪತ್ತೆ.

ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯಾವುದಾದರೂ ಒಂದು ಆಸ್ಪತ್ರೆಯಲ್ಲಿ, ಇದು ಹುಟ್ಟಿನಿಂದ ಬಂದದ್ದು, ಏನೂ ಮಾಡಲಾಗದು ಅಂದಾಗ ಅಪ್ಪ ಅಮ್ಮ ಮನೆಗೆ ಹೋಗಿ ಸುಮ್ಮನೆ ಕೂತಿದ್ದರೆ ಔಷಧಿ ಬಂದದ್ದೇ ಇವರಿಗೆ ಗೊತ್ತಾಗುತ್ತಿರಲಿಲ್ಲ. ಹೆಸರು ಗೊತ್ತಿಲ್ಲದ ಕಾಯಿಲೆಗೆ ಔಷಧಿ ಬಂದರೆ ಯಾರಿಗೆ ಬಂದ ಹಾಗೆ? ಹೆಸರು ಸಿಕ್ಕಿದ್ದರಿಂದ ಔಷಧಿ ಕಂಪನಿಯ ಉಚಿತ ಕಾರ್ಯಕ್ರಮದಲ್ಲಿ ನಿಧಿಗೆ ಚಿಕಿತ್ಸೆ ಶುರುವಾಯಿತು. ಹಾಗಂತ ಅದು ಪವಾಡ ಅಲ್ಲ. ಈ ಔಷಧಿ ಇನ್ನು ಮುಂದೆ ಆಗುವ ಹಾನಿಯನ್ನು ತಡೆಯಬಲ್ಲದು, ಹಾಳಾಗಿ ಹೋದ ಸ್ನಾಯುವನ್ನು ವಾಪಸ್ ತರಲಾರದು. ತಡವಾದ ಪ್ರತಿ ವರ್ಷದ ಲೆಕ್ಕವನ್ನು ದೇಹ ಇಟ್ಟುಕೊಂಡಿರುತ್ತದೆ. ನಿಧಿ ವೆಂಟಿಲೇಟರ್ ಜೊತೆಗೇ ಶಾಲೆಗೆ ಹೋದಳು, ಕಾಲೇಜು ಸೇರಿದಳು. ಕೊನೆಯ ಕೆಲವು ವರ್ಷ ಪೂರ್ತಿ ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿದ್ದು 2023ರ ನವೆಂಬರಿನಲ್ಲಿ ತೀರಿಕೊಂಡಳು, 24ನೇ ವಯಸ್ಸಿನಲ್ಲಿ.

ಅಷ್ಟರೊಳಗೆ ಅವಳ ಅಪ್ಪ ಮಾಡಿದ ಕೆಲಸ ದೊಡ್ಡದು. ಮಗಳಿಗೆ ಸಿಕ್ಕಿತಲ್ಲ ಅಂತ ನಿಲ್ಲಲಿಲ್ಲ. ಪಾಂಪೆಗೆ, ಆಮೇಲೆ ಇಂಥ ಎಲ್ಲ ಲೈಸೋಸೋಮ್ ಕಾಯಿಲೆಗಳಿಗೆ ಪೋಷಕರ ಸಂಘಟನೆಗಳನ್ನು ಕಟ್ಟುವುದರಲ್ಲಿ ತೊಡಗಿದರು. ಮುಂದೆ ಇತರರ ಜೊತೆ ಸೇರಿ ಬೆಂಗಳೂರಿನಲ್ಲಿ ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಶುರು ಮಾಡಿದರು. ಅಪರೂಪದ ಕಾಯಿಲೆಗಳು ಸುಮಾರು 7,000 ಅಂತ ಲೆಕ್ಕ. ಅದರ ನೆನಪಿಗೆ ಅವರು ನಡೆಸುವ ರೇಸ್ ಫಾರ್ ಸೆವೆನ್‌ನಲ್ಲಿ ಜನ ಏಳು ಕಿಲೋಮೀಟರ್ ನಡೆಯುತ್ತಾರೆ, ಓಡುತ್ತಾರೆ.

ನಮ್ಮೂರ ಹೆಸರು ಹೊರಗಿನವರಿಗೆ ಗೊತ್ತಿರುವುದು ಬ್ಯಾರೇಜಿನಿಂದ. ಸರ್ಕಾರ ಕಟ್ಟುತ್ತದೆ ಅಂತ ಕಾಯ್ದು ಸಾಕಾಗಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ರೊಕ್ಕ ಕೂಡಿಸಿ, ತಾವೇ ದುಡಿದು 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ್ದು. ನಾನು ಹುಟ್ಟುವ ಮೊದಲಿನ ಮಾತು, ಆದರೆ ಕೇಳಿ ಕೇಳಿ ಕಣ್ಣಾರೆ ಕಂಡ ಹಾಗೆಯೇ ಆಗಿದೆ. ಅಪರೂಪದ ಕಾಯಿಲೆಗಳ ವಿಷಯದಲ್ಲಿ ತಂದೆ ತಾಯಂದಿರು ಮಾಡಿದ್ದೂ ಇದೇ ಜಾತಿಯ ಕೆಲಸ. ಒಂದು ವ್ಯತ್ಯಾಸ ಇದೆ. ಬ್ಯಾರೇಜಿಗೆ ರೊಕ್ಕ ಕೂಡಿಸಬಹುದು, ಈ ಔಷಧಿಗೆ ಕೂಡಿಸಲಾಗದು. ಯಾಕೆ ಅಂತ ಲೆಕ್ಕ ನೋಡಿ. ಮಯೋಝೈಮ್ ಒಂದು ಕಿಲೋ ತೂಕಕ್ಕೆ 20 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ. ಒಂದು ಬಾಟಲಿಯಲ್ಲಿ 50 ಮಿಲಿಗ್ರಾಂ. 20 ಕಿಲೋದ ಮಗುವಿಗೆ ಒಂದು ಸಲಕ್ಕೆ 8 ಬಾಟಲಿ, ವರ್ಷಕ್ಕೆ 208. ಅದೇ ಮಗು ಬೆಳೆದು 50 ಕಿಲೋ ಆದರೆ ಒಂದು ಸಲಕ್ಕೆ 20, ವರ್ಷಕ್ಕೆ 520. ಜೀವ ಇರುವವರೆಗೆ. ಮಗು ಚೆನ್ನಾಗಿ ಬೆಳೆದಷ್ಟೂ ಖರ್ಚು ಏರುವ ಔಷಧಿ ಇದು! ವರ್ಷದ ಬಿಲ್ಲು ಯಾವ ಮಧ್ಯಮ ವರ್ಗದ ಮನೆಗೂ ಎಟುಕುವಂಥದ್ದಲ್ಲ, ಹೊಲ ಮನೆ ಮಾರಿದರೂ.

ಹಾಗಾಗಿ ಪೋಷಕರು ಕೋರ್ಟಿಗೆ ಹೋದರು. 2014ರ ಏಪ್ರಿಲ್ 17ರಂದು ದೆಹಲಿ ಹೈಕೋರ್ಟ್ ಕೊಟ್ಟ ತೀರ್ಪು ಇದರಲ್ಲಿ ಮುಖ್ಯವಾದದ್ದು. ಗೋಶೆ ಎಂಬ ಇಂಥದೇ ಇನ್ನೊಂದು ಕಾಯಿಲೆಯ ಮಗುವಿನ ಪರ, ಚಿಕಿತ್ಸೆ ಕೊಡಿಸಿ ಅಂತ ದೆಹಲಿ ಸರ್ಕಾರಕ್ಕೆ ಹೇಳಿತು. ಆ ಮಗುವಿನ ಅಪ್ಪ ರಿಕ್ಷಾ ತುಳಿಯುವವರು. ಕರ್ನಾಟಕದಲ್ಲೂ ವಿಷಯ ಹೈಕೋರ್ಟಿಗೆ ಹೋಯಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಲೈಸೋಸೋಮ್ ಕಾಯಿಲೆಯ ಮಕ್ಕಳಿಗೆ ಸರ್ಕಾರದ ಹಣದಲ್ಲಿ ಕಿಣ್ವ ಚಿಕಿತ್ಸೆ ಶುರುವಾಯಿತು. ಈ ವಿಷಯದಲ್ಲಿ ನಮ್ಮ ರಾಜ್ಯ ಬೇರೆ ರಾಜ್ಯಗಳಿಗಿಂತ ಮುಂದೆಯೇ ಇತ್ತು ಅನ್ನಬೇಕು. 2021ರಲ್ಲಿ ಕೇಂದ್ರದ ರಾಷ್ಟ್ರೀಯ ನೀತಿ ಬಂತು, 2022ರಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ಅಂತಾಯಿತು. ಮೇಲಿನ ಬಾಟಲಿ ಲೆಕ್ಕ ನೆನಪಿದ್ದರೆ, ಜೀವನಪೂರ್ತಿ ಬೇಕಾದ ಔಷಧಿಗೆ 50 ಲಕ್ಷ ಎಲ್ಲಿಯವರೆಗೆ ಬರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಇಷ್ಟಕ್ಕೂ ಈ ಕೋರ್ಟು, ಈ ನೀತಿ, ಈ ಹಣ, ಯಾವುದಕ್ಕಾದರೂ ಅರ್ಜಿಯ ಮೇಲೆ ಮೊದಲು ಬರೆಯಬೇಕಾದ್ದು ಕಾಯಿಲೆಯ ಹೆಸರು.

ನನ್ನನ್ನು ಬಹಳ ಕಾಡಿದ ವಿಷಯ ಬೇರೆ ಇದೆ. ಗತ್ರಿಯ ಮಾರ್ಗದಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷಿಸುವ ಕೆಲಸ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ನಡೆದದ್ದು ನಮ್ಮಲ್ಲೇ, ಬೆಂಗಳೂರಿನಲ್ಲಿ, 1980ರಲ್ಲಿ ಶುರುವಾಗಿ! ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ವೈದ್ಯೆ ರಾಧಾ ರಮಾದೇವಿ ಮತ್ತಿತರರು ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಅಮೈನೋ ಆಮ್ಲದ ಕಾಯಿಲೆಗಳಿಗಾಗಿ ಪರೀಕ್ಷಿಸಿದರು. ಪಿಕೆಯು ಸೇರಿ ಹಲವು ಕಾಯಿಲೆ ಸಿಕ್ಕವು. ಅದರಲ್ಲಿ ಪಾಂಪೆ ಸಿಗುತ್ತಿರಲಿಲ್ಲ ನಿಜ, ಅದನ್ನು ಒಣಗಿದ ರಕ್ತದಲ್ಲಿ ನೋಡುವ ವಿಧಾನ ಬಂದದ್ದು ಈ ಶತಮಾನದಲ್ಲಿ. ಆದರೆ ಆ ಕೆಲಸ ಅಧ್ಯಯನವಾಗಿ ಉಳಿಯಿತು, ರಾಜ್ಯದ ಪ್ರತಿ ಹೆರಿಗೆ ವಾರ್ಡಿನ ಅಭ್ಯಾಸ ಆಗಲಿಲ್ಲ. ತೈವಾನ್ ನೋಡಿ, 2005ರಲ್ಲೇ ಹುಟ್ಟಿದ ಮಕ್ಕಳಿಗೆ ಪಾಂಪೆ ಪರೀಕ್ಷೆ ಶುರು ಮಾಡಿತು. ಹುಟ್ಟಿದ ಕೆಲವೇ ವಾರದಲ್ಲಿ ಚಿಕಿತ್ಸೆ ಸಿಕ್ಕ ಮಕ್ಕಳು ನಡೆದಾಡುವಂತಾದರು. ಮೊದಲಾದರೆ ವರ್ಷ ತುಂಬುವ ಮೊದಲೇ ಹೋಗುತ್ತಿದ್ದ ಮಕ್ಕಳು ಅವು.

ಅದೇ ಸಂಶೋಧಕರು ಆಸ್ಟ್ರೇಲಿಯಾದ ಅಲನ್ ಬಿಟಲ್ಸ್ ಜೊತೆ ಇನ್ನೊಂದು ಅಧ್ಯಯನ ಮಾಡಿದ್ದರು. 1980ರಿಂದ 1989ರವರೆಗೆ ಬೆಂಗಳೂರು, ಮೈಸೂರಿನ ಲಕ್ಷಕ್ಕೂ ಹೆಚ್ಚು ದಂಪತಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆದದ್ದು. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು. ನಮ್ಮ ಕಡೆಯೂ ಇದು ಏನೂ ಹೊಸದಲ್ಲ. ಪಾಂಪೆ, ಪಿಕೆಯು ಥರದ ಕಾಯಿಲೆ ಬರಬೇಕಾದರೆ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇರಬೇಕು. ಅವರಿಗೆ ಏನೂ ಆಗಿರುವುದಿಲ್ಲ, ಗೊತ್ತೂ ಇರುವುದಿಲ್ಲ. ಇಬ್ಬರೂ ಒಂದೇ ಬೇರಿನವರಾದರೆ ಹಾಗೆ ಆಗುವ ಸಾಧ್ಯತೆ ಹೆಚ್ಚು. ಹಾಗಿದ್ದರೂ ಪ್ರತಿ ಬಸಿರಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಅಪಾಯ, ಮೂರು ಪಾಲು ಇಲ್ಲ. ಸಂಬಂಧದ ಹೊರಗೆ ಮದುವೆಯಾದವರಿಗೂ ಬರುತ್ತದೆ. ಹಾಗಾಗಿ ಸಂಬಂಧದಲ್ಲಿ ಮದುವೆಯಾದವರನ್ನು ಹಂಗಿಸುವುದಕ್ಕೆ ಈ ಲೆಕ್ಕ ಬಳಸಬಾರದು, ಅದರಲ್ಲೂ ಬರೀ ಹೆಣ್ಣುಮಕ್ಕಳನ್ನು. ಕಾಕಿಗೆ ಓಣಿಯಲ್ಲಿ ಎಷ್ಟು ಮಾತು ಬಂದಿತ್ತು ಅಂತ ನನಗೆ ಗೊತ್ತು. ಮದುವೆಯಾದದ್ದು ಅವಳ ಸ್ವಂತ ಸೋದರಮಾವನನ್ನು, ನಿಶ್ಚಯ ಮಾಡಿದವರು ಹಿರಿಯರು, ಮಾತು ಕೇಳಿದವಳು ಅವಳು.

ಕಳೆದ ವರ್ಷ ಕಾಕಿ ಫೋನ್ ಮಾಡಿದ್ದಳು. ಮಗಳ ಮದುವೆಯಾಗಿದೆ, ಅಂದರೆ ಆ ಹುಡುಗನ ತಂಗಿಯದು. ಅದೂ ಸಂಬಂಧದಲ್ಲೇ. "ತಮ್ಮಾ, ನೀ ಕಂಪ್ಯೂಟರ್‌ದಾಗ ಎಲ್ಲಾ ನೋಡ್ತಿಯಲ್ಲ, ಇವಳ ಹೊಟ್ಟ್ಯಾಗಿಂದಕ್ಕೂ ಹಂಗ ಆಗ್ತೈತೇನು ನೋಡಿ ಹೇಳು" ಅಂದಳು. ನಾನು ಬೆಂಗಳೂರಿನಲ್ಲಿ ವಂಶವಾಹಿ ಸಲಹೆ ಕೊಡುವ ಡಾಕ್ಟರೊಬ್ಬರನ್ನು ವಿಚಾರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, ಅಣ್ಣನಿಗೆ ಇದ್ದದ್ದು ಯಾವ ಕಾಯಿಲೆ?

ಅಲ್ಲಿಗೆ ನನಗೆ ಕಾಕಿ ಅಂದು ಅಷ್ಟು ದವಾಖಾನೆಗಳಲ್ಲಿ ಕೇಳಿದ್ದರ ಅರ್ಥ ಆಯಿತು. ಹೆಸರು ಗೊತ್ತಿದ್ದರೆ ಒಂದು ಜೀನಿನಲ್ಲಿ ನೋಡಿದರಾಯಿತು, ತಂಗಿಗೂ ಅವಳ ಗಂಡನಿಗೂ. ಹೂಂ ಅಥವಾ ಇಲ್ಲ ಅಂತ ಹೇಳಬಹುದು. ಹೆಸರಿಲ್ಲದಿದ್ದರೂ ಇವತ್ತು ಅನೇಕ ಜೀನುಗಳನ್ನು ಒಟ್ಟಿಗೆ ನೋಡುವ ಪರೀಕ್ಷೆಗಳಿವೆ, ಆದರೆ ಬಂದ ಉತ್ತರವನ್ನು ಅಷ್ಟು ಧೈರ್ಯವಾಗಿ ಹೇಳಲಾಗುವುದಿಲ್ಲ ಅಂದರು. ಹುಡುಗನ ಯಾವುದಾದರೂ ಹಳೆಯ ರಿಪೋರ್ಟ್ ಇದ್ದರೆ ತನ್ನಿ, ಸ್ನಾಯುವಿನ ತುಣುಕು ಎಲ್ಲಾದರೂ ತೆಗೆದಿದ್ದರೆ ಇನ್ನೂ ಒಳ್ಳೆಯದು ಅಂದರು.

ಕಾಕಿ ಒಂದು ಚೀಟಿಯನ್ನೂ ಎಸೆದಿಲ್ಲವಂತೆ. ಎಲ್ಲ ಟ್ರಂಕಿನಲ್ಲಿವೆ, ಎಕ್ಸರೇ ಸಮೇತ. ದಂಪತಿಗಳಿಬ್ಬರನ್ನೂ ಕರೆದುಕೊಂಡು ಮುಂದಿನ ವಾರ ಬೆಂಗಳೂರಿಗೆ ಬರುತ್ತಿದ್ದಾಳೆ, ಟ್ರಂಕೂ ಬರುತ್ತಿದೆ.